‘ಕೆಳಗೆ’ ಅಂದರೆ ಯಾವ ಕಡೆ?

ಬೆಳಗಿನ ಐದೂಮುಕ್ಕಾಲು. ಸ್ಕಲ್ಪಿನ್ ಆರ್ಮ್‌ನ ದಕ್ಕೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿದೆಯೆಂದರೆ ತೆಸ್ಸಾ ಕೊವಲ್ಚುಕ್‌ಗೆ ತನ್ನ ದೋಣಿಯ ಮೂತಿ ಕಾಣುತ್ತದೆ, ಹಿಂಬದಿಯ ಎಂಜಿನ್ ಕಾಣುವುದಿಲ್ಲ. ಅವಳು ಮೊಣಕಾಲೂರಿ ಕೂತು ದೋಣಿಯ ಅಂಚಿನ ಗಾಳಿ ತುಂಬಿದ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ, ದನ ಮೇವು ತಿಂದಿದೆಯೋ ಇಲ್ಲವೋ ಎಂದು ಹೊಟ್ಟೆ ಮುಟ್ಟಿ ನೋಡುವವರ ಹಾಗೆ. ಆಮೇಲೆ ಇಂಧನ, ಹಗ್ಗ, ರೇಡಿಯೊ, ದೀಪ, ಔಷಧಿ ಪೆಟ್ಟಿಗೆ. ಹನ್ನೊಂದು ನಿಮಿಷದ ಕೆಲಸ. ಪಾಳಿ ಇದ್ದ ಒಂದು ದಿನವೂ ಅವಳು ಇದನ್ನು ತಪ್ಪಿಸಿಲ್ಲ.

ತೆಸ್ಸಾಗೆ ಇಪ್ಪತ್ತೆರಡು ವರ್ಷ. ಪ್ರಾಂತ್ಯದ ರಾಜಧಾನಿಯಲ್ಲಿ ನರ್ಸಿಂಗ್ ಓದುತ್ತಾಳೆ. ರಜೆ ಬಿದ್ದಾಗ ಅವಳ ಓರಗೆಯವರು ಐಸ್‌ಕ್ರೀಮ್ ಅಂಗಡಿಯಲ್ಲೋ ಹೋಟೆಲಿನ ಲಾಂಡ್ರಿಯಲ್ಲೋ ಕೆಲಸ ಹಿಡಿಯುತ್ತಾರೆ. ಇವಳೂ ಇನ್ನಿಬ್ಬರು ವಿದ್ಯಾರ್ಥಿಗಳೂ ಕಿತ್ತಳೆ ಬಣ್ಣದ ಸೂಟು ತೊಟ್ಟು, ಅಟ್ಲಾಂಟಿಕ್ಕಿನಲ್ಲಿ ದಾರಿ ತಪ್ಪಿದವರನ್ನು, ಎಂಜಿನ್ ಕೆಟ್ಟು ಕೂತವರನ್ನು ಹುಡುಕಿ ತರುತ್ತಾರೆ. ನ್ಯೂಫೌಂಡ್‌ಲ್ಯಾಂಡಿನ ಈ ಕೊಲ್ಲಿಯಲ್ಲಿ ರಕ್ಷಣಾ ದೋಣಿ ಎಂದರೆ ವಿದ್ಯಾರ್ಥಿಗಳ ಬೇಸಿಗೆ ಕೆಲಸ. ಮೇ ತಿಂಗಳ ಕೊನೆಗೆ ಬರುತ್ತಾರೆ, ಸೆಪ್ಟೆಂಬರಿನ ಮೊದಲ ಸೋಮವಾರ ಗಂಟುಮೂಟೆ ಕಟ್ಟುತ್ತಾರೆ. ಊರವರು ಇವರಿಗಿಟ್ಟ ಹೆಸರು ‘ದಕ್ಕೆಯ ಮಕ್ಕಳು’. ಆ ಹೆಸರಿನಲ್ಲಿ ಅಕ್ಕರೆಯೂ ಇದೆ, ಒಂದು ಸಣ್ಣ ಮುಳ್ಳೂ ಇದೆ.

ಮಂಜಿನೊಳಗಿಂದ ಒಂದು ಕೆಮ್ಮು ಬರುತ್ತದೆ, ಅದರ ಹಿಂದೆ ಹೆಡ್ಲಿ ಬಡ್ಜೆಲ್ ಬರುತ್ತಾರೆ. ಎಪ್ಪತ್ಮೂರರ ಮುದುಕ. ಇಲ್ಲಿ ಹಿರಿಯರೆಲ್ಲ ಎಲ್ಲರಿಗೂ ಮಾವ, ಅತ್ತೆ. ರಕ್ತಸಂಬಂಧವನ್ನು ಯಾರೂ ವಿಚಾರಿಸುವುದಿಲ್ಲ.

“ಎಂತ ತೆಸ್ಸಾ, ನಿನ್ನ ರಬ್ಬರ್ ಹೋರಿಗೆ ಜೀವ ಉಂಟಾ ಇನ್ನೂ?”

“ಇದೆ ಹೆಡ್ಲಿ ಮಾವ. ಮಂಜು ನೋಡಿದ್ರಾ? ಒಂದು ಗಂಟೆ ತಡೆದು ಹೋಗಬಾರದಾ?”

“ಮಂಜಿಗೆ ಹೆದರಿ ಕೂತ್ರೆ ಈ ಊರಲ್ಲಿ ಮೀನು ತಿನ್ಲಿಕ್ಕಿಲ್ಲ ಮಗಾ. ಇವತ್ತು ಶನಿವಾರ. ಐದು ಕಾಡ್ ಮೀನು ಹಿಡೀಲಿಕ್ಕೆ ಸರಕಾರವೇ ಬಿಟ್ಟಿದೆ, ನೀನು ಬಿಡುದಿಲ್ವಾ?”

“ರೇಡಿಯೊ ತಗೊಂಡಿದ್ದೀರಾ?”

“ಉಂಟು, ಉಂಟು. ಬ್ಯಾಟರಿ ಮಾತ್ರ ಮನೆಯಲ್ಲಿ ಚಾರ್ಜಿಗೆ ಉಂಟು.”

ನಮ್ಮ ರೇಡಿಯೊ ಒಂದನ್ನು ಕೊಡುತ್ತೇನೆ ಎಂದು ತೆಸ್ಸಾ ಎದ್ದು ಬರುವಷ್ಟರಲ್ಲಿ ಮುದುಕ ಹಗ್ಗ ಬಿಚ್ಚಿ ಆಗಿದೆ. ಯಾವ ಕಡೆ ಹೋಗುತ್ತೀರಿ ಎಂದರೆ “ಮೀನು ಕರೆದ ಕಡೆ” ಎನ್ನುತ್ತಾರೆ. ಮೀನು ಸಿಗುವ ಜಾಗವನ್ನು ಹೆಂಡತಿಗೆ ಬಿಟ್ಟು ಇನ್ನೊಬ್ಬರಿಗೆ ಹೇಳುವ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹತ್ತು ಗಂಟೆಗೆ ವಾಪಸ್ ಎಂಬ ಮಾತೊಂದನ್ನು ಬಿಸಾಡಿ ಅವರು ಮಂಜಿನೊಳಗೆ ಕರಗುತ್ತಾರೆ. ತೆಸ್ಸಾ ದಿನಚರಿ ಪುಸ್ತಕದಲ್ಲಿ ಸಮಯ ಬರೆದುಕೊಳ್ಳುತ್ತಾಳೆ. ಹಗ್ಗ ಬಿಚ್ಚುವಾಗ ಹೆಡ್ಲಿ ಎಡಗೈಯನ್ನೇ ಬಳಸಿದ್ದನ್ನು ಅವಳು ನೋಡಿದ್ದಾಳೆ. ಅವರ ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶವಿಲ್ಲ. ಆ ಮೂರು ಬೆರಳು ಹೋದದ್ದು ತನ್ನಿಂದ ಎಂದು ಅವಳು ಎರಡು ವರ್ಷದಿಂದ ನಂಬಿದ್ದಾಳೆ.

ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಎಲ್ಲಿಂದೆಲ್ಲಿಯ ಸಂಬಂಧ ಎನ್ನುತ್ತೇವಲ್ಲ, ತೆಸ್ಸಾಗೂ ಸಮುದ್ರಕ್ಕೂ ಇದ್ದದ್ದು ಅಷ್ಟೇ. ಅವಳು ಸಸ್ಕಾಚೆವಾನ್ ಬಯಲಿನವಳು. ಅಪ್ಪ ಬೆಳೆಯುವುದು ಮಸೂರ್. ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಕೆಂಪು ಬೇಳೆ ಅವರ ಹೊಲದ್ದೇ ಆಗಿದ್ದರೂ ಆಶ್ಚರ್ಯವಿಲ್ಲ. ಅಲ್ಲಿಂದ ಹತ್ತಿರದ ಕಡಲಿಗೆ ಎರಡು ದಿನದ ದಾರಿ. ಈಜು ಕಲಿತದ್ದು ಶಾಲೆಯ ಕೊಳದಲ್ಲಿ, ನಾಲ್ಕು ಗೋಡೆಗಳ ನಡುವೆ. ಕಾಲೇಜಿನ ಸೂಚನಾ ಫಲಕದಲ್ಲಿ ಈ ಕೆಲಸದ ಚೀಟಿ ನೋಡಿದಾಗ ಅವಳಿಗೆ ಹತ್ತೊಂಬತ್ತು ಮುಗಿದು ಇಪ್ಪತ್ತು ನಡೆಯುತ್ತಿತ್ತು.

“ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ‘ಕೆರೆ ಕಂಡ್ರೆ ಹಾರಿ ಓಡ್ತಿದ್ದೋಳು, ನೀನು ಯಾರನ್ನ ಕಾಪಾಡ್ತೀಯೇ’ ಅಂದ್ರು. ಆದ್ರೆ ಬೇಡ ಅನ್ನಲಿಲ್ಲ,” ಎಂದು ನೆನೆಸಿಕೊಂಡು ನಗುತ್ತಾಳೆ.

ಮೂರು ವಾರದ ತರಬೇತಿ. ಎಪ್ಪತ್ತೈದು ಕಿಲೋ ತೂಗುವ ಗೊಂಬೆಯನ್ನು ನೀರಿಗೆ ಎಸೆಯುವುದು, ಮತ್ತೆ ಎಳೆದು ದೋಣಿಗೆ ಹಾಕುವುದು, ಅದನ್ನೇ ದಿನಕ್ಕೆ ಇಪ್ಪತ್ತು ಸಲ. ಕೈಯ ಉಗುರುಗಳು ಒಂದೊಂದಾಗಿ ಮುರಿದವು. ಬೇಸಿಗೆ ಎಂಬುದು ಇಲ್ಲಿ ಕ್ಯಾಲೆಂಡರಿನಲ್ಲಿ ಮಾತ್ರ. ಜೂನಿನಲ್ಲೂ ಹಿಮಗಡ್ಡೆಗಳು ತೇಲಿಹೋಗುವ ನೀರಿದು, ಬಿದ್ದವನ ಕೈ ಹತ್ತು ನಿಮಿಷದಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಆದರೂ ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ತೆಸ್ಸಾ ಗಂಟು ಹಾಕಲು ಕಲಿತಳು, ನಕ್ಷೆ ಓದಲು ಕಲಿತಳು, ಅಲೆಯ ಮೇಲೆ ನಿಂತು ಚಹಾ ಕುಡಿಯಲೂ ಕಲಿತಳು. ಕಲಿಯದೇ ಉಳಿದದ್ದು ಒಂದು ಪದ.

ಬಯಲಿನ ಜನ ದಿಕ್ಕಿನ ಜನ. ತೆಸ್ಸಾಳ ಮನೆಯಲ್ಲಿ ಉಪ್ಪಿನ ಡಬ್ಬಿ ಕೂಡ ಒಲೆಯ ಪಶ್ಚಿಮಕ್ಕಿರುತ್ತದೆ. ‘ಮೇಲೆ’ ಎಂದರೆ ನಕ್ಷೆಯ ಮೇಲ್ಭಾಗ, ಉತ್ತರ. ‘ಕೆಳಗೆ’ ಎಂದರೆ ದಕ್ಷಿಣ. ಇದರಲ್ಲಿ ಕೇಳುವುದೇನಿದೆ? ಸ್ಕಲ್ಪಿನ್ ಆರ್ಮ್‌ನ ಜನ ಗಾಳಿಯ ಜನ. ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ನೈಋತ್ಯದಿಂದ. ಹಾಯಿ ಬಿಚ್ಚಿ ಗಾಳಿಯ ಜೊತೆ ಉತ್ತರಕ್ಕೆ ಹೋಗುವುದು ಇಳಿಜಾರು, ಗಾಳಿಗೆ ಎದುರಾಗಿ ದಕ್ಷಿಣಕ್ಕೆ ಬರುವುದು ಏರು. ಹಾಯಿ ಹೋಗಿ ಎಂಜಿನ್ ಬಂದು ಎರಡು ತಲೆಮಾರು ಕಳೆದರೂ ಮಾತು ಬದಲಾಗಿಲ್ಲ. ಇಲ್ಲಿ ‘ಕೆಳಗೆ’ ಎಂದರೆ ಉತ್ತರ. ನಮ್ಮಲ್ಲಿ ಘಟ್ಟದ ಕೆಳಗೆ ಎಂದಾಗ ಯಾರೂ ಭೂಪಟ ಬಿಡಿಸಿ ನೋಡುವುದಿಲ್ಲವಲ್ಲ, ಹಾಗೆ ಇಲ್ಲಿಯೂ ಯಾರೂ ಯಾರಿಗೂ ಇದನ್ನು ಬಿಡಿಸಿ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಮೊದಲ ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ ರಕ್ಷಣಾ ದೋಣಿಯವರು ಇರುವ ದಕ್ಕೆಯ ಮನೆಯ ಫೋನ್ ರಿಂಗಾಯಿತು. ಹೆಡ್ಲಿಯ ಹೆಂಡತಿ ಮೆಲ್ವಿನಾ. ಗಂಡನ ದೋಣಿಯ ಎಂಜಿನ್ ಕೆಟ್ಟಿದೆಯಂತೆ, ರೇಡಿಯೊದಲ್ಲಿ ಅರ್ಧ ಮಾತು ಬಂದು ನಿಂತುಹೋಯಿತಂತೆ. “ಕೆಳಗೆ ಹೋದವರು, ಗಾಳಿ ಇನ್ನೂ ಕೆಳಗೆ ಒಯ್ತಾ ಉಂಟು,” ಎಂದರು ಮೆಲ್ವಿನಾ. ಕೆಲಸಕ್ಕೆ ಸೇರಿ ಐದನೆಯ ವಾರದಲ್ಲಿದ್ದ ತೆಸ್ಸಾ ನಮೂನೆಯ ಚೌಕದಲ್ಲಿ ‘ದಕ್ಷಿಣ’ ಎಂದು ಬರೆದಳು. ಆಗ ದೋಣಿಯ ಮುಖ್ಯಸ್ಥನಾಗಿದ್ದ ಹುಡುಗ ಪಶ್ಚಿಮ ಕರಾವಳಿಯವನು, ಅವನಿಗೂ ಅದು ಸರಿಯಾಗಿಯೇ ಕಂಡಿತು. ಮೂವರೂ ದಕ್ಷಿಣಕ್ಕೆ ಓಡಿದರು. ಮೂರು ಗಂಟೆ ಹುಡುಕಿದರು.

ಐದು ಗಂಟೆಯ ಹೊತ್ತಿಗೆ ಏಡಿ ಹಿಡಿಯುವ ದೋಣಿಯವನೊಬ್ಬ ರೇಡಿಯೊದಲ್ಲಿ ಕೇಳಿದ, “ಮಕ್ಕಳೇ, ಮೇಲೆ ಎಂತ ಮಾಡ್ತಾ ಇದ್ದೀರಿ ನೀವು? ಹೆಡ್ಲಿ ಹೋದದ್ದು ಕೆಳಗಲ್ವಾ?”

“ನಾವು ಕೆಳಗೇ ಇದ್ದೀವಿ,” ಎಂದಳು ತೆಸ್ಸಾ.

ಅವನು ಸಣ್ಣ ದನಿಯಲ್ಲಿ “ಅಯ್ಯೋ ದೇವರೇ” ಎಂದ.

ಹೆಡ್ಲಿಯನ್ನು ಏಳು ಗಂಟೆಗೆ ಊರಿನ ದೋಣಿಯೇ ಎತ್ತಿ ತಂದಿತು. ಬದುಕಿದ್ದರು. ಅಲೆ ಒಳಗೆ ನುಗ್ಗಿ ಮೈಯೆಲ್ಲ ತೊಯ್ದಿತ್ತು, ಜಾರಿಹೋಗಬಾರದೆಂದು ಹಗ್ಗವನ್ನು ಬಲಗೈಗೆ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದರು. ರಕ್ತ ಹರಿಯದೆ, ಚಳಿಗೆ, ಮೂರು ಬೆರಳು ಸತ್ತ ಹಾಗಾದವು. ಆಸ್ಪತ್ರೆಯಲ್ಲಿ ಎರಡು ವಾರ ಇದ್ದರು.

ತಪ್ಪಾಯಿತೆಂದು ಹೇಳಲೇಬೇಕು ಎಂದು ಮರುದಿನ ತೆಸ್ಸಾ ಹೊರಟಳು. ಸಮವಸ್ತ್ರ ಹಾಕಿಕೊಂಡು, ಕೂದಲು ಬಾಚಿಕೊಂಡು, ಬಡ್ಜೆಲ್ ಮನೆಯ ಮುಂಬಾಗಿಲು ತಟ್ಟಿದಳು. ಅವಳ ಊರಿನಲ್ಲಿ ಅದೇ ಮರ್ಯಾದೆ. ಇಲ್ಲಿ ಜನ ಬರುವುದು ಹಿತ್ತಲ ಕಡೆಯಿಂದ, ಅಡಿಗೆಮನೆಗೆ, ಬಾಗಿಲು ತಟ್ಟದೆ. ಮುಂಬಾಗಿಲು ಇರುವುದು ಹೆಣ ಹೊರಡಲಿಕ್ಕೆ, ಪಾದ್ರಿ ಬರಲಿಕ್ಕೆ, ಕೆಟ್ಟ ಸುದ್ದಿ ತರುವ ಸರಕಾರದವರಿಗೆ. ಗಂಡ ಆಸ್ಪತ್ರೆಯಲ್ಲಿರುವಾಗ ಆ ಬಾಗಿಲು ತಟ್ಟಿದ ಸದ್ದು ಕೇಳಿ, ತೆರೆದು, ಎದುರಿಗೆ ಸಮವಸ್ತ್ರ ಕಂಡು ಮೆಲ್ವಿನಾ ಒಮ್ಮೆ ಕೂಗಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಹೆಡ್ಲಿ ಚೆನ್ನಾಗಿದ್ದಾರೆ, ನಾನು ಬಂದದ್ದು ಕ್ಷಮೆ ಕೇಳಲಿಕ್ಕೆ ಎಂದು ತೆಸ್ಸಾ ತೊದಲುತ್ತ ಹೇಳುವಷ್ಟರಲ್ಲಿ ಅಕ್ಕಪಕ್ಕದವರು ಓಡಿ ಬಂದಿದ್ದರು. ಯಾರೋ ಅವಳ ಹೆಗಲು ಹಿಡಿದು ರಸ್ತೆಗೆ ಬಿಟ್ಟುಬಂದರು.

ಅಂದಿನಿಂದ ಮೆಲ್ವಿನಾ ಅವಳ ಜೊತೆ ಮಾತಾಡಲಿಲ್ಲ. ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ಬಟ್ಟೆ ಒಣಹಾಕುತ್ತಿದ್ದರೆ ಹಾಸಿಗೆಯ ಬಟ್ಟೆಯ ಹಿಂದೆ ಸರಿದು ನಿಲ್ಲುತ್ತಿದ್ದರು.

ಊರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಊರು ತಮಾಷೆ ಮಾಡಿತು. ಅಂಗಡಿಗೆ ಹೋದರೆ ಗಲ್ಲೆಯಲ್ಲಿ ಕೂತ ಹೆಂಗಸು, “ಬ್ರೆಡ್ಡು ಕೆಳಗಿನ ಹಲಗೆಯಲ್ಲಿ ಉಂಟು ಮಗಾ. ನಮ್ಮ ಕೆಳಗಾ, ನಿನ್ನ ಕೆಳಗಾ ಅಂತ ನೀನೇ ನೋಡ್ಕೊ,” ಎನ್ನುತ್ತಿದ್ದಳು. ಚರ್ಚಿನ ಮೆಟ್ಟಿಲಲ್ಲಿ ಮುದುಕರು, “ಜಾಗ್ರತೆ ಮಾರಾಯ್ತಿ, ಕೆಳಗೆ ಇಳೀಲಿಕ್ಕೆ ಹೋಗಿ ಸ್ವರ್ಗಕ್ಕೆ ಹೋದೀಯ,” ಎನ್ನುತ್ತಿದ್ದರು. ತೆಸ್ಸಾ ನಕ್ಕು ಬರುತ್ತಿದ್ದಳು, ಮನೆಗೆ ಬಂದು ಸೂಟಿನ ಜಿಪ್ಪು ಬಿಚ್ಚದೆಯೇ ಕೂತು ಅಳುತ್ತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಒಂದು ಪದಕ್ಕೆ.

ಮಾನದ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡ ಭಯ ಅವಳಿಗೆ ಬಂದದ್ದು ಎರಡನೆಯ ಬೇಸಿಗೆಯಲ್ಲಿ. ಆ ವರ್ಷ ದಕ್ಕೆಯ ಮನೆಗೆ ಬಂದ ಕರೆಗಳು ಮೂವತ್ತನಾಲ್ಕು. ಹಾಯಿದೋಣಿಯ ಪ್ರವಾಸಿಗರು, ತಿಮಿಂಗಿಲ ನೋಡಲು ಬಂದು ಮಗುಚಿದವರು, ಪಕ್ಕದ ಊರುಗಳ ಮೀನುಗಾರರು. ನೀರಿನಿಂದ ಎತ್ತಿದ ಜೀವಗಳು ಆರು. ಸ್ಕಲ್ಪಿನ್ ಆರ್ಮ್‌ನಿಂದ ಬಂದ ಕರೆ ಒಂದೂ ಇಲ್ಲ. ಆಗಸ್ಟಿನ ಒಂದು ಸಂಜೆ ಊರಿನ ನಾಲ್ವರು ಗಂಡಸರು ನೀರು ತುಂಬಿದ ದೋಣಿಯೊಂದನ್ನು ಎಳೆದುಕೊಂಡು ದಕ್ಕೆಗೆ ಬಂದರು. ಅದರ ಮಾಲೀಕ ಐದು ಗಂಟೆ ಬಕೆಟಿನಲ್ಲಿ ನೀರು ಹೊಯ್ಯುತ್ತ ಕೂತಿದ್ದನಂತೆ, ತುಟಿ ನೀಲಿಯಾಗಿತ್ತು. ಅವನು ಇದ್ದದ್ದು ರಕ್ಷಣಾ ದೋಣಿಯಿಂದ ಇಪ್ಪತ್ತೇ ನಿಮಿಷದ ದೂರದಲ್ಲಿ.

“ನಮ್ಮನ್ನ ಯಾಕೆ ಕರೀಲಿಲ್ಲ ಅಂತ ಕೇಳಿದೆ. ‘ನಿಮಗೆ ಯಾಕೆ ತೊಂದ್ರೆ ಕೊಡುದು’ ಅಂದ್ರು. ಎಷ್ಟು ಮರ್ಯಾದೆಯಿಂದ ಹೇಳಿದ್ರು ಅಂದ್ರೆ ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು. ಮುಂದಿನ ಸಲ ಯಾರೋ ಒಬ್ರು ಸಾಯ್ತಾರೆ, ನಾವು ಇಲ್ಲಿ ಚಹಾ ಕುಡೀತಾ ಕೂತಿರ್ತೀವಿ, ಅನ್ನೋದು ಆಗ ತಲೇಲಿ ಕೂತಿತು,” ಎನ್ನುತ್ತಾಳೆ ತೆಸ್ಸಾ.

ಆಮೇಲೆ ಅವಳು ಮಾಡಿದ್ದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಬಿಡುವಿದ್ದ ದಿನಗಳಲ್ಲಿ ಒಂದು ನೋಟ್‌ಬುಕ್ ಹಿಡಿದು ದಕ್ಕೆಯ ಬೆಂಚಿನ ಮೇಲಿನ ಮುದುಕರ ಪಕ್ಕ ಕೂತಳು. ಪ್ರತಿ ಬಂಡೆಯ ಹೆಸರು, ಪ್ರತಿ ದಿಬ್ಬದ ಹೆಸರು, ಅದು ಮೇಲೋ ಕೆಳಗೋ, ಒಳಗೋ ಹೊರಗೋ. ಹೇಂಟೆ-ಮರಿ ಬಂಡೆ, ಕುರುಡನ ಮೂಗು, ಬೆಣ್ಣೆಗುಂಡು, ಅತ್ತೆಯ ಹಲ್ಲು, ಹೀಗೆ ಅರವತ್ತೊಂದು ಹೆಸರುಗಳು. ಅತ್ತೆಯ ಹಲ್ಲು ಎಂಬ ಬಂಡೆಯೇ ಇಲ್ಲ, ಅದು ಮುದುಕರ ಕಿತಾಪತಿ ಎಂದು ತಿಳಿದದ್ದು ಒಂದಿಡೀ ಮಧ್ಯಾಹ್ನ ಅದನ್ನು ಹುಡುಕಿ ಬಂದ ಮೇಲೆ. ಮುದುಕರು ಹೊಟ್ಟೆ ಹಿಡಿದು ನಕ್ಕರು. ಆದರೆ ನಕ್ಕ ಮೇಲೆ ಒಬ್ಬೊಬ್ಬರಾಗಿ ನಿಜವಾದ ಹೆಸರುಗಳನ್ನು ಹೇಳಿದರು. ಅವರಲ್ಲಿ ಹೆಡ್ಲಿಯೂ ಇದ್ದರು.

“ಬೆರಳಿನ ಬಗ್ಗೆ ನಾನೇ ಮಾತು ತೆಗೆದೆ. ‘ಏಳು ಉಳಿದಿದಾವಲ್ಲ, ಎಣಿಸ್ಲಿಕ್ಕೆ ಸಾಕು’ ಅಂದ್ರು. ಅಷ್ಟೇ.” ಹೇಳುವಾಗ ತೆಸ್ಸಾ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾಳೆ.

ಆ ಪಟ್ಟಿ ಈಗ ದಕ್ಕೆಯ ಮನೆಯಲ್ಲಿ ಫೋನಿನ ಮೇಲ್ಗಡೆ ಅಂಟಿಸಿದೆ. ಈ ಬೇಸಿಗೆ ತೆಸ್ಸಾಳೇ ದೋಣಿಯ ಮುಖ್ಯಸ್ಥೆ. ಅವಳ ಕೈಕೆಳಗೆ ಇಬ್ಬರು. ಎಂಜಿನಿಗೆ ಜೊಯೆಲ್ ಥೇರಿಯೋ, ಮೆಕ್ಯಾನಿಕಲ್ ಓದುವವನು, ಎರಡನೆಯ ಬೇಸಿಗೆ. ಹೊಸಬಳು ಮಿನ್, ಕ್ಯಾಲ್ಗರಿಯವಳು, ಹತ್ತೊಂಬತ್ತು ವರ್ಷ. ಅವಳಿಗೆ ತೆಸ್ಸಾ ಮೊದಲ ದಿನ ಕಲಿಸಿದ ಪಾಠ ಗಂಟು ಹಾಕುವುದಲ್ಲ. ಕರೆ ಬಂದರೆ ದಿಕ್ಕು ಬರೆಯಬೇಡ, ಅವರು ಕೊನೆಗೆ ನೋಡಿರಬಹುದಾದ ಬಂಡೆಯ ಹೆಸರು ಕೇಳಿ ಬರೆ ಎಂಬುದು. ಇವತ್ತಿನವರೆಗೆ ಈ ಬೇಸಿಗೆಯ ಕರೆಗಳು ಹದಿನಾರು. ಊರಿನಿಂದ ಬಂದದ್ದು ಈಗಲೂ ಸೊನ್ನೆ. ಕಲಿತ ಪದಗಳೆಲ್ಲ ಗೋಡೆಯ ಮೇಲೆಯೇ ಉಳಿದಿವೆ.

ಹತ್ತು ಗಂಟೆ. ಹೆಡ್ಲಿ ಬಂದಿಲ್ಲ. ಮಂಜು ಕರಗಿಲ್ಲ.

ಹತ್ತೂಕಾಲು. ತೆಸ್ಸಾ ದಕ್ಕೆಯ ತುದಿಗೆ ಹೋಗಿ ಕಿವಿಗೊಟ್ಟು ನಿಲ್ಲುತ್ತಾಳೆ. ಎಂಜಿನಿನ ಸದ್ದಿಲ್ಲ. ಜೊಯೆಲ್ ಕೇಳದೆಯೇ ಸೂಟು ತೊಟ್ಟು ಬರುತ್ತಾನೆ. ರಾಜಧಾನಿಯ ರಕ್ಷಣಾ ಕೇಂದ್ರಕ್ಕೆ ತೆಸ್ಸಾ ವಿಷಯ ತಿಳಿಸುತ್ತಾಳೆ. ಎಲ್ಲಿ ಹುಡುಕುತ್ತೀರಿ ಎಂದು ಅಲ್ಲಿಯವರು ಕೇಳುತ್ತಾರೆ. ಅದೇ ಪ್ರಶ್ನೆ. ಮುದುಕ ಹೋದದ್ದು ಮೇಲೋ ಕೆಳಗೋ ಅವಳಿಗೆ ಗೊತ್ತಿಲ್ಲ, ಈ ಮಂಜಿನಲ್ಲಿ ತಪ್ಪು ಕಡೆಗೆ ಹೋದರೆ ಮತ್ತೆ ಮೂರು ಗಂಟೆ ಮುಳುಗುತ್ತದೆ. ಗೊತ್ತಿರುವುದು ಒಬ್ಬರಿಗೇ.

“ಮನೆಗೆ ಹೋಗಿ ಕೇಳ್ಕೊಂಡು ಬರೋಣವಾ?” ಎನ್ನುತ್ತಾಳೆ ಮಿನ್. “ಮೂರು ನಿಮಿಷದ ದಾರಿ. ನಾನು ಓಡ್ತೀನಿ.”

ತೆಸ್ಸಾ ಮಿನ್‌ಳ ಸಮವಸ್ತ್ರ ನೋಡುತ್ತಾಳೆ, ತನ್ನದನ್ನು ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಇದೇ ಬಟ್ಟೆಯನ್ನು ಕಂಡು ಆ ಹೆಂಗಸು ನೆಲಕ್ಕೆ ಕುಸಿದದ್ದು ಕಣ್ಣೆದುರಿಗಿದೆ. ಹೋದರೆ ಆ ಜೀವ ಮತ್ತೊಮ್ಮೆ ಒಡೆಯುತ್ತದೆ. ಹೋಗದಿದ್ದರೆ ಹೆಡ್ಲಿ. ಯೋಚಿಸಲು ಇಷ್ಟೂ ಹೊತ್ತಿಲ್ಲ ಎಂದು ಅವಳಿಗೆ ಗೊತ್ತು. ಸೂಟಿನ ಮೇಲೆ ಜೊಯೆಲ್‌ನ ಹಳೆಯ ಸ್ವೆಟರ್ ಎಳೆದುಕೊಂಡು ಅವಳು ಬಾಗಿಲಿಗೆ ಹೋಗುತ್ತಾಳೆ. ಆಗ ಫೋನ್ ರಿಂಗಾಗುತ್ತದೆ.

“ದಕ್ಕೆಯ ಮಕ್ಕಳಾ?” ಒಣಗಿದ ದನಿ.

“ಹೌದು. ತೆಸ್ಸಾ ಮಾತಾಡ್ತಿರೋದು.”

“ನಾನು ಮೆಲ್ವಿನಾ. ಹೆಡ್ಲಿ ಬರ್ಲಿಲ್ಲ. ಹತ್ತಕ್ಕೆ ಅಂದಿದ್ರು.”

“ಗೊತ್ತು ಅತ್ತೆ. ದೋಣಿ ಹೊರಟು ನಿಂತಿದೆ. ಯಾವ ಕಡೆ ಹೋಗಿದ್ದಾರೆ, ಅದೊಂದು ಹೇಳಿ.”

ಮೊದಲ ತರಗತಿಯ ಮಗು ಪುಸ್ತಕದಲ್ಲಿ ಬೆರಳಿಟ್ಟು ಓದುವ ಹಾಗೆ, ಮೆಲ್ವಿನಾ ಹೇಳುತ್ತಾರೆ. “ಉತ್ತರ. ಉತ್ತರಕ್ಕೆ ಹೋಗಿದ್ದಾರೆ. ನಿಮ್ಮ ನಕ್ಷೆಯ ಉತ್ತರ. ಹೇಂಟೆ-ಮರಿ ಬಂಡೆ ದಾಟಿ ಒಂದು ಮೈಲಿ.”

ಈ ಊರಿನ ಮುದುಕಿಯ ಬಾಯಲ್ಲಿ ಆ ಪದವನ್ನು ತೆಸ್ಸಾ ಹಿಂದೆಂದೂ ಕೇಳಿಲ್ಲ.

“ಕೆಳಗೆ,” ಎನ್ನುತ್ತಾಳೆ ತೆಸ್ಸಾ. “ಕೆಳಗೆ ಹೋಗಿದ್ದಾರೆ.”

“ಹೌದು ಮಗಾ. ಕೆಳಗೆ.”

ನಾಲ್ಕು ನಿಮಿಷದಲ್ಲಿ ದೋಣಿ ನೀರಿನ ಮೇಲಿದೆ. ಜೋರಾಗಿ ಓಡಿಸುವ ಹಾಗಿಲ್ಲ. ರೇಡಾರ್ ಪರದೆಯ ಮೇಲೆ ಸಣ್ಣ ದೋಣಿಯೂ ದೊಡ್ಡ ಅಲೆಯೂ ಒಂದೇ ಥರ ಕಾಣುತ್ತವೆ. ಐದೈದು ನಿಮಿಷಕ್ಕೊಮ್ಮೆ ಜೊಯೆಲ್ ಎಂಜಿನ್ ಆರಿಸುತ್ತಾನೆ, ಮಿನ್ ಕಹಳೆ ಊದುತ್ತಾಳೆ, ಮೂವರೂ ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಹೇಂಟೆ-ಮರಿ ಬಂಡೆಯ ನೊರೆ ಎಡಗಡೆ ಬೆಳ್ಳಗೆ ಕಂಡು ಮರೆಯಾಗುತ್ತದೆ. ಒಂದು ಮೈಲಿ ದಾಟಿದರೂ ಏನೂ ಇಲ್ಲ. ತೆಸ್ಸಾ ಗಾಳಿಗೆ ಕೆನ್ನೆಯೊಡ್ಡಿ, ಇಳಿತದ ಹೊತ್ತು ಲೆಕ್ಕ ಹಾಕಿ, ಇನ್ನೂ ಕೆಳಗೆ ಎಂದು ಕೈ ತೋರಿಸುತ್ತಾಳೆ. ಏಳನೆಯ ಸಲ ಎಂಜಿನ್ ಆರಿಸಿದಾಗ ಟಣ್ ಟಣ್ ಎಂದು ತಗಡಿನ ಸದ್ದು ಕೇಳುತ್ತದೆ.

ಹೆಡ್ಲಿ ನೀರು ಹೊಯ್ಯುವ ಡಬ್ಬಿಯಿಂದ ದೋಣಿಯ ಅಂಚನ್ನು ಬಡಿಯುತ್ತಿದ್ದಾರೆ. ಎಂಜಿನಿನ ರೆಕ್ಕೆಗೆ ಯಾರದೋ ಹಳೆಯ ಬಲೆ ಸುತ್ತಿಕೊಂಡಿದೆ. ಲಂಗರು ಹಾಕಿದ್ದಾರೆ, ಆದರೆ ಸತ್ತ ಬೆರಳು ಕಟ್ಟಿದ ಗಂಟು ನಿಲ್ಲದೆ ಬಿಚ್ಚಿಕೊಂಡು ಲಂಗರು ತಳ ಸೇರಿದೆ. ಎರಡು ಗಂಟೆ ಒಂದೂವರೆ ಕೈಯಲ್ಲಿ ಹುಟ್ಟು ಹಾಕಿದ ಮುದುಕನ ಮುಖ ಬೂದಿಯಾಗಿದೆ. ಮುಂದೆ ಇರುವುದು ಬಯಲು ಸಮುದ್ರ. ಇನ್ನೊಂದು ಗಂಟೆ ಕಳೆದಿದ್ದರೆ ಬಡಿಯಲಿಕ್ಕೂ ಕೈ ಏಳುತ್ತಿರಲಿಲ್ಲ.

“ಯಾರು ಕರೆದದ್ದು ನಿಮ್ಮನ್ನು?” ಅವರ ಮೊದಲ ಮಾತು.

“ಅತ್ತೆ.”

“ಮೆಲ್ವಿನಾ? ಅವಳೇ ಫೋನ್ ಮಾಡಿದ್ಲಾ?”

“ಹೂಂ. ಹತ್ತೂ ಇಪ್ಪತ್ತಕ್ಕೆ.”

ಮಿನ್ ಹೊದಿಸಿದ ಕಂಬಳಿಯ ಅಂಚನ್ನು ಹೆಡ್ಲಿ ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. “ಮೂರು ಮೀನು ಸಿಕ್ಕಿದೆ. ಅದನ್ನು ಬಿಟ್ಟು ಬರ್ಬೇಡಿ,” ಎನ್ನುತ್ತಾರೆ.

ದಕ್ಕೆಯಲ್ಲಿ ಊರೇ ನೆರೆದಿದೆ. ಹೆಚ್ಚು ಮಾತಾಡುವುದು ಇಲ್ಲಿಯ ರೀತಿಯಲ್ಲ. ಹಗ್ಗ ಹಿಡಿಯುತ್ತಾರೆ, ಮುದುಕನನ್ನು ಎತ್ತಿಕೊಳ್ಳುತ್ತಾರೆ. ಅಂಗಡಿಯ ಹೆಂಗಸು ತೆಸ್ಸಾಳ ಕೈಗೆ ಬಿಸಿ ಚಹಾದ ಮಗ್ ಕೊಟ್ಟು, “ಸಕ್ಕರೆ ಹಾಕಿದ್ದೇನೆ,” ಎಂದಷ್ಟೇ ಹೇಳಿ ಹೋಗುತ್ತಾಳೆ.

ಹೆಡ್ಲಿಯ ಮೈಶಾಖ, ನಾಡಿ ನೋಡುವುದು ತೆಸ್ಸಾಳ ಕೆಲಸ. ಹಾಗಾಗಿ ಅವಳು ಆ ಮನೆಗೆ ಹೋಗಲೇಬೇಕಾಗುತ್ತದೆ. ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟಾಗ ಮೆಲ್ವಿನಾ ಒಲೆಯ ಮುಂದೆ ಬ್ರೆಡ್ಡಿನ ಹಿಟ್ಟಿನ ಟೌಟನ್ ಕರಿಯುತ್ತ ಬೆನ್ನು ಹಾಕಿ ನಿಂತಿದ್ದಾರೆ. ದಕ್ಕೆಯ ಮೂವರು ಮಕ್ಕಳಿಗೆಂದು ಮೂರು ತಟ್ಟೆ ಇಟ್ಟಾಗಿದೆ, ಪಕ್ಕದಲ್ಲಿ ಕಾಕಂಬಿಯ ಜಾಡಿ. ಒಲೆಯ ಬದಿಯ ಮಂಚದ ಮೇಲೆ ಹೆಡ್ಲಿ ಮಲಗಿದ್ದಾರೆ. ನಾಡಿ ಹಿಡಿದು ಎಣಿಸುತ್ತ ತೆಸ್ಸಾ ತಲೆಯೆತ್ತುತ್ತಾಳೆ, ಗೋಡೆಯ ಫೋನು ಕಾಣುತ್ತದೆ, ಅದರ ಪಕ್ಕ ಮೊಳೆಗೆ ಚುಚ್ಚಿದ ಕಾಗದ ಕಾಣುತ್ತದೆ.

ಹಳೆಯ ಕ್ಯಾಲೆಂಡರಿನ ಹಾಳೆ ಅದು, ಎರಡು ವರ್ಷದ ಹಿಂದಿನ ಜುಲೈ. ಅದರ ಖಾಲಿ ಅಂಚಿನಲ್ಲಿ ಪೆನ್ಸಿಲಿನ ದೊಡ್ಡ ಅಕ್ಷರಗಳಲ್ಲಿ ದಕ್ಕೆಯ ಮನೆಯ ನಂಬರು ಇದೆ. ಅದರ ಕೆಳಗೆ, ‘ಮಕ್ಕಳಿಗೆ ಕೆಳಗೆ ಅನ್ನಬಾರದು. ಉತ್ತರ ಅನ್ನಬೇಕು.’ ಅಕ್ಷರ ಮಾಸಿದಂತೆಲ್ಲ ಮತ್ತೆ ಮತ್ತೆ ತಿದ್ದಿದ ಗುರುತುಗಳಿವೆ.

ತೆಸ್ಸಾಳ ಎಣಿಕೆ ತಪ್ಪುತ್ತದೆ. ಮೊದಲಿನಿಂದ ಎಣಿಸಬೇಕಾಗುತ್ತದೆ.

“ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ ಅತ್ತೆ,” ಎನ್ನುತ್ತಾಳೆ ಕೊನೆಗೆ. “ಎರಡು ವರ್ಷ.”

“ಸಿಟ್ಟಾ?” ಮೆಲ್ವಿನಾ ತಿರುಗುತ್ತಾರೆ, ಕೈಯಲ್ಲಿ ಹಿಟ್ಟು. “ನಾಚಿಕೆ ಮಾರಾಯ್ತಿ. ಬಯಲು ಸೀಮೆಯಿಂದ ಬಂದ ಹುಡುಗಿಗೆ ನಮ್ಮ ಮಾತು ಗೊತ್ತಾಗ್ತದಾ ಇಲ್ವಾ ಅಂತ ಒಂದು ಯೋಚನೆ ಬರ್ಲಿಲ್ಲ ನನಗೆ. ಹೇಳಿದ್ದು ನಾನಲ್ವಾ. ಮೂರು ಬೆರಳು ಹೋದದ್ದು ನನ್ನ ಬಾಯಿಂದ. ಮತ್ತೆ ನೀನು ಪಾಪ ಮಾತಾಡ್ಲಿಕ್ಕೆ ಅಂತ ಬಂದ್ರೆ ಊರೆಲ್ಲ ಕೇಳುವ ಹಾಗೆ ಕಿರುಚಿದೆ. ಯಾವ ಮುಖ ಇಟ್ಕೊಂಡು ನಿನ್ನ ಮುಖ ನೋಡುದು?”

ಮಂಚದಿಂದ ಹೆಡ್ಲಿಯ ದನಿ. “ಟೌಟನ್ ಹೊತ್ತಿ ಹೋಗ್ತಾ ಉಂಟು. ಅಳುದು ಆಮೇಲೆ ಅಳಿ.”

ಇಬ್ಬರೂ ಆಗಲೇ ಅತ್ತರು ಎಂಬುದನ್ನು ಹೇಳಬೇಕಾಗಿಲ್ಲ. ಟೌಟನ್ ಒಂದು ಬದಿ ಕಪ್ಪಾದದ್ದನ್ನು ಜೊಯೆಲ್ ಮತ್ತು ಮಿನ್ ಮರುಮಾತಿಲ್ಲದೆ ತಿಂದರು.

ಬರುವ ವಸಂತಕ್ಕೆ ತೆಸ್ಸಾಳ ಓದು ಮುಗಿಯುತ್ತದೆ. ವಿದ್ಯಾರ್ಥಿಯಲ್ಲದವರಿಗೆ ಈ ಕೆಲಸವಿಲ್ಲ, ಹಾಗಾಗಿ ಇದೇ ಕೊನೆಯ ಬೇಸಿಗೆ. ಮುಂದಿನ ಮೇ ತಿಂಗಳಲ್ಲಿ ಬಯಲಿನಿಂದಲೋ ನಗರದಿಂದಲೋ ಇನ್ನೊಬ್ಬರು ಬಂದು ಆ ಫೋನಿನ ಪಕ್ಕ ಕೂರುತ್ತಾರೆ. ಅವಳ ಹೆಸರು ಎಲ್ಲೂ ಬರೆದಿಡುವ ಪದ್ಧತಿ ಇಲ್ಲ, ಅದರ ಆಸೆಯೂ ಅವಳಿಗಿಲ್ಲ. ಏನು ಆಸೆ ಎಂದು ಕೇಳಿದರೆ ಫೋನಿನ ಮೇಲ್ಗಡೆಯ ಪಟ್ಟಿಯನ್ನು ನೋಡುತ್ತಾಳೆ.

“ಮೆಲ್ವಿನಾ ಅತ್ತೆ ಆ ಕಾಗದ ಕಿತ್ತು ಒಲೆಗೆ ಹಾಕಲಿ,” ಎನ್ನುತ್ತಾಳೆ. “ಜೀವ ಬಾಯಿಗೆ ಬಂದಿರೋ ಹೊತ್ತಲ್ಲಿ ಅವರು ಬೇರೆಯವರ ಮಾತು ಓದಿ ಹೇಳೋದು ಬೇಡ. ಅವರು ಕೆಳಗೆ ಅಂತಲೇ ಹೇಳಲಿ. ಅರ್ಥ ಮಾಡ್ಕೊಳ್ಳೋದು ನಮ್ಮ ಕೆಲಸ.”